ಪೇಟೆ ಚೌಕಕ್ಕೆ ಹೊಸ ನೆಲಹಾಸು, ಕಲಾಕೃತಿ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ತಾಲ್ಲೂಕು ಕೇಂದ್ರಗಳ ಪೇಟೆ ಚೌಕಗಳಲ್ಲಿ ಒಂದೇ ಬಗೆಯ ಸೋಲು ಮತ್ತೆ ಮತ್ತೆ ಕಾಣುತ್ತದೆ. ಮೊದಲು ನಡುವೆ ಕಟ್ಟೆ ಕಟ್ಟಿ ಪ್ರತಿಮೆಗೆ ಜಾಗ ಮಾಡುತ್ತಾರೆ. ಆಮೇಲೆ ಸುತ್ತ ಇಂಟರ್‌ಲಾಕ್ ಬ್ಲಾಕ್ ಹಾಸುತ್ತಾರೆ. ಮಳೆ ಬಂದು ಅಂಗಡಿಗಳಿಗೆ ನೀರು ನುಗ್ಗಿದಾಗ ಚರಂಡಿಯ ನೆನಪಾಗುತ್ತದೆ. ಕೊನೆಗೆ ಹಳೆಯ ನೀರಿನ ಪೈಪು ಒಡೆದು, ಹಾಸಿದ್ದನ್ನು ಕಿತ್ತು ಅಗೆಯುತ್ತಾರೆ. ಇದರಲ್ಲಿ ಬೇಡದ ಕೆಲಸ ಒಂದೂ ಇಲ್ಲ, ಕ್ರಮ ಮಾತ್ರ ತಲೆಕೆಳಗಾಗಿದೆ.

ಸರಿಯಾದ ಕ್ರಮ ಹೀಗೆ: ಬಳಕೆಯ ಅಳತೆ, ಅನುಮತಿ, ನೆಲದೊಳಗಿನ ಪೈಪು ಮತ್ತು ಕೇಬಲ್, ನೀರಿನ ವಾಟ (ಹರಿಯಲು ಬೇಕಾದ ಇಳಿಜಾರು), ಕಲಾಕೃತಿಯ ಅಡಿಪಾಯ, ತಳಪದರ, ಅಂಚು, ಹಾಸು. ಕಣ್ಣಿಗೆ ಕಾಣುವ ಭಾಗ ಕೊನೆಯದು. ಕೆಳಗಿನ ಲೆಕ್ಕಗಳೆಲ್ಲ 30 ಮೀಟರ್ ಉದ್ದ, 30 ಮೀಟರ್ ಅಗಲದ, ಅಂದರೆ 900 ಚದರ ಮೀಟರ್ ಚೌಕಕ್ಕೆ ಹಾಕಿದವು. ನಿಮ್ಮ ಚೌಕದ ಅಳತೆಗೆ ತಕ್ಕಂತೆ ಹೊಂದಿಸಿಕೊಳ್ಳಿ.

ಅಗೆತ ಮತ್ತು ಹಾಸುವ ಕೆಲಸವನ್ನು ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಮುಗಿಸುವಂತೆ ಯೋಜಿಸಿ. ಏಪ್ರಿಲ್‌ನಲ್ಲಿ ಅಡ್ಡಮಳೆ ಶುರುವಾಗುತ್ತದೆ, ದಕ್ಷಿಣ ಒಳನಾಡಿನಲ್ಲಿ ಅಕ್ಟೋಬರ್-ನವೆಂಬರ್‌ನಲ್ಲೂ ಜೋರು ಮಳೆ ಬರುತ್ತದೆ. ತೆರೆದ ಗುಂಡಿಗೆ ಒಮ್ಮೆ ನೀರು ನಿಂತರೆ ತಳದ ಮಣ್ಣನ್ನು ಮತ್ತೆ ಒಣಗಿಸಿ ದಮ್ಮಸ್ ಮಾಡಬೇಕು, ಅಂದರೆ ಒತ್ತಿ ಗಟ್ಟಿಗೊಳಿಸಬೇಕು.

## ಹಂತ 1: ಒಂದು ವಾರ ಚೌಕವನ್ನು ಅಳೆಯಿರಿ

ನಕ್ಷೆಯನ್ನು 1:200 ಅಳತೆಯಲ್ಲಿ ಬರೆದುಕೊಂಡು ಏಳು ದಿನ ಗುರುತು ಹಾಕಿ. ಆ ಏಳರಲ್ಲಿ ಸಂತೆಯ ದಿನ ಇರಲೇಬೇಕು. ಬೆಳಗಿನ ಜಾವ ಹೂವಿನವರು ಎಲ್ಲಿ ಕೂರುತ್ತಾರೆ, ಮಧ್ಯಾಹ್ನ ಮೂರಕ್ಕೆ ನೆರಳು ಎಲ್ಲಿದೆ, ತರಕಾರಿ ಲಾರಿ ಎಲ್ಲಿ ಹಿಂದಕ್ಕೆ ತಿರುಗುತ್ತದೆ, ಬಸ್ಸಿಗೆ ಓಡುವವರು ಯಾವ ಗೆರೆಯಲ್ಲಿ ಅಡ್ಡ ಹಾಯುತ್ತಾರೆ ಎಂಬುದನ್ನೆಲ್ಲ ಬರೆದುಕೊಳ್ಳಿ. ಜನ ಅಡ್ಡ ಹಾಯುವ ಗೆರೆಯ ಮೇಲೆ ಹೂಕುಂಡವನ್ನೋ ಶಿಲ್ಪವನ್ನೋ ಇಟ್ಟರೆ ಅದರ ಸುತ್ತಲಿನ ಅಂಚು ಒಂದೇ ವರ್ಷದಲ್ಲಿ ಸವೆದು ಕುಸಿಯುತ್ತದೆ.

ಹಳೆಯ ಪೇಟೆ ಚೌಕ ಬಹಳ ಊರುಗಳಲ್ಲಿ ತೇರಿನ ದಾರಿಯೂ ಹೌದು. ತೇರಿನ ಅಗಲವನ್ನು ಗಾಲಿಯ ಮಟ್ಟದಲ್ಲಿ ಒಮ್ಮೆ, ಮೇಲೆ ಬಟ್ಟೆ ಕಟ್ಟಿದ ಅಗಲದಲ್ಲಿ ಇನ್ನೊಮ್ಮೆ ಅಳೆಯಿರಿ. ತಿರುವಿನಲ್ಲಿ ಗಾಲಿಗೆ ಸನ್ನೆಗೋಲು ಕೊಡುವವರು ನಿಲ್ಲಲು ಎರಡೂ ಬದಿ ಕನಿಷ್ಠ 2 ಮೀಟರ್ ಬಿಡಿ. ಮಿಣಿ (ತೇರಿನ ಹಗ್ಗ) ಎಳೆಯುವ ಜನ ತೇರಿನ ಮುಂದೆ ಎಷ್ಟು ಉದ್ದಕ್ಕೆ ನಿಲ್ಲುತ್ತಾರೆ ಎಂಬುದನ್ನು ದೇವಸ್ಥಾನದವರಿಂದ ಕೇಳಿ ತಿಳಿಯಿರಿ. ಈ ಪಟ್ಟಿಯೊಳಗೆ ನೆಲದಿಂದ ಎದ್ದು ನಿಲ್ಲುವ ಯಾವುದೂ ಬೇಡ. ಕಂಬ, ಕಮಾನು, ಕಟ್ಟೆ ಎಲ್ಲ ಅದರ ಹೊರಗೇ ಇರಲಿ. ಸಾವಿರಾರು ಜನ ಒಟ್ಟಿಗೆ ನೂಕುವ ಜಾಗದಲ್ಲಿ ಮೊಣಕಾಲೆತ್ತರದ ಕಟ್ಟೆ ಪ್ರಾಣಕ್ಕೇ ಅಪಾಯ.

## ಹಂತ 2: ಜಾಗ ಯಾರದು, ಅನುಮತಿ ಯಾರದು

ಚೌಕ ಪುರಸಭೆಯದೆಂದು ಎಲ್ಲರೂ ಅಂದುಕೊಂಡಿರುತ್ತಾರೆ. ರಾಜ್ಯ ಹೆದ್ದಾರಿ ಹಾಯ್ದಿದ್ದರೆ ಆ ಭಾಗ ಲೋಕೋಪಯೋಗಿ ಇಲಾಖೆಯದು. ಮೊದಲ ದಿನವೇ ಸರ್ವೆ ನಕ್ಷೆ ತರಿಸಿ ಗಡಿ ಗುರುತಿಸಿ.

ಪ್ರತಿಮೆಯ ವಿಷಯದಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ ಮತ್ತು ಸಾರ್ವಜನಿಕ ಬಳಕೆಯ ಜಾಗಗಳಲ್ಲಿ ಪ್ರತಿಮೆ ಸ್ಥಾಪಿಸಲು ರಾಜ್ಯ ಸರ್ಕಾರಗಳು ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಆದೇಶಿಸಿದೆ. ದಾರಿದೀಪ, ಸಂಚಾರ ವ್ಯವಸ್ಥೆ, ರಸ್ತೆಯ ಅಭಿವೃದ್ಧಿ ಮತ್ತು ಸೌಂದರ್ಯೀಕರಣದ ಕಾಮಗಾರಿಗಳನ್ನು ಆ ಆದೇಶ ತಡೆಯುವುದಿಲ್ಲ. ಆದ್ದರಿಂದ ವ್ಯಕ್ತಿಯ ಪ್ರತಿಮೆಯನ್ನು ನಡುವೆ ಇಟ್ಟುಕೊಂಡು ಯೋಜನೆ ಹೆಣೆಯಬೇಡಿ. ಪೀಠ ಕಟ್ಟಿ, ಬಟ್ಟೆ ಸುತ್ತಿದ ಪ್ರತಿಮೆ ವರ್ಷಗಟ್ಟಲೆ ಹಾಗೇ ನಿಂತರೆ ಉಳಿದ ಕೆಲಸವೂ ನಿಲ್ಲುತ್ತದೆ. ನೆಲದಲ್ಲೇ ಕೂರಿಸುವ ಕಲ್ಲಿನ ಚಿತ್ತಾರ, ಕೂರಲು ಬರುವ ಕೆತ್ತನೆಯ ಆಸನ, ಗೋಡೆಚಿತ್ರ, ನೀರಿನ ತೊಟ್ಟಿ, ದೀಪದ ಕಂಬದ ಶಿಲ್ಪ ಇವು ಚೌಕದ ಬಳಕೆಗೂ ಒದಗುತ್ತವೆ. ಯಾವುದನ್ನು ಆರಿಸಿದರೂ ಜಿಲ್ಲಾಡಳಿತದಿಂದ ಲಿಖಿತ ಅಭಿಪ್ರಾಯ ಪಡೆದ ಮೇಲೆಯೇ ಹಣ ಖರ್ಚು ಮಾಡಿ.

ಬೀದಿ ವ್ಯಾಪಾರಿಗಳನ್ನು ತಾತ್ಕಾಲಿಕವಾಗಿ ಸ್ಥಳಾಂತರಿಸುವುದಾದರೂ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ 30 ದಿನಗಳ ನೋಟಿಸ್ ಬೇಕು. ಪಟ್ಟಣ ವ್ಯಾಪಾರ ಸಮಿತಿಯ ಮುಂದೆ ನಕ್ಷೆ ಇಡಿ. ಆ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳು ಶೇ. 40ಕ್ಕೆ ಕಡಿಮೆ ಇರುವಂತಿಲ್ಲ, ಮತ್ತು ಚೌಕದ ದಿನದ ಬಳಕೆ ಅವರಷ್ಟು ಬಲ್ಲವರಿಲ್ಲ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ನಿರ್ಮಾಣ ನಿಷಿದ್ಧ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಬಾದಾಮಿ, ಬೇಲೂರು, ಶ್ರೀರಂಗಪಟ್ಟಣದಂಥ ಊರುಗಳಲ್ಲಿ ಇದನ್ನು ಮೊದಲು ನೋಡಿ. ಮರ ಕಡಿಯಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಕಡಿಯದೆ ನಕ್ಷೆಯನ್ನೇ ಬದಲಿಸುವುದು ಮೇಲು.

## ಹಂತ 3: ನೆಲದೊಳಗಿನದನ್ನು ಮುಗಿಸಿ

ಹಳೆಯ ಪಟ್ಟಣಗಳಲ್ಲಿ ಪೈಪಿನ ನಕ್ಷೆ ಇದ್ದರೂ ನಂಬುವಂತಿಲ್ಲ. ಚೌಕಕ್ಕೆ ಬರುವ ಪ್ರತಿ ಬೀದಿಯ ಬಾಯಲ್ಲಿ ಒಂದು, ನಡುವೆ ಎರಡು, ಹೀಗೆ ಕನಿಷ್ಠ ಆರು ಪರೀಕ್ಷಾ ಗುಂಡಿಗಳನ್ನು 1.2 ಮೀಟರ್ ಆಳಕ್ಕೆ ಕೈಯಿಂದಲೇ ತೋಡಿಸಿ. ಜೆಸಿಬಿ ಬೇಡ. ಸಿಕ್ಕ ಪೈಪಿನ ಆಳ, ದಿಕ್ಕು, ಲೋಹವನ್ನು ನಕ್ಷೆಗೆ ಏರಿಸಿ. ಅದೇ ಗುಂಡಿಯಲ್ಲಿ ಮಣ್ಣನ್ನೂ ನೋಡಿ, ಎರೆಮಣ್ಣು ಬಂದರೆ ಮುಂದಿನ ಲೆಕ್ಕವೆಲ್ಲ ಬದಲಾಗುತ್ತದೆ.

ತುಕ್ಕು ಹಿಡಿದ ಕಬ್ಬಿಣದ ಪೈಪನ್ನು ಈಗಲೇ ಬದಲಿಸಿ. ವಿದ್ಯುತ್ ಕಂಪನಿ, ಜಲಮಂಡಳಿ ಮತ್ತು ಕೇಬಲ್‌ನವರಿಗೆ ಲಿಖಿತ ನೋಟಿಸ್ ಕೊಟ್ಟು ಅವರ ಕೆಲಸಕ್ಕೆ ಕೊನೆಯ ದಿನಾಂಕ ಗೊತ್ತುಮಾಡಿ. ಎಲ್ಲ ಬದಲಿಸಿದ ಮೇಲೂ ಚೌಕದ ನಾಲ್ಕೂ ಬದಿಯಲ್ಲಿ 110 ಮಿ.ಮೀ. ವ್ಯಾಸದ ಎರಡೆರಡು ಖಾಲಿ ಕೊಳವೆಗಳನ್ನು 600 ಮಿ.ಮೀ. ಆಳದಲ್ಲಿ ಹೂತು, ಒಳಗೆ ನೈಲಾನ್ ಹಗ್ಗ ಎಳೆದಿಟ್ಟು, ತುದಿ ಮುಚ್ಚಿ. ಮುಂದೆ ಬರುವ ಕೇಬಲ್ ಆ ಕೊಳವೆಯೊಳಗೇ ಹೋಗುತ್ತದೆ. ಕಲಾಕೃತಿಯ ದೀಪಕ್ಕೂ ಇದೇ ಹೊತ್ತಿನಲ್ಲಿ ಒಂದು ಕೊಳವೆ ಇಡಬೇಕು. ಎಲ್ಲರೂ ಮರೆಯುವುದು ಅದನ್ನೇ.

## ಹಂತ 4: ನೀರಿನ ವಾಟ

ಚೌಕ ಉಳಿಯುವುದು, ಕೆಡುವುದು ತೀರ್ಮಾನವಾಗುವ ಹಂತ ಇದು. ಆಟೋ ಲೆವೆಲ್ ಯಂತ್ರದಿಂದ 5 ಮೀಟರ್‌ಗೊಂದು ಚುಕ್ಕಿಯಂತೆ ಮಟ್ಟ ತೆಗೆಯಿರಿ. ಜೊತೆಗೆ ಪ್ರತಿ ಅಂಗಡಿ, ಮನೆಯ ಹೊಸ್ತಿಲಿನ ಮಟ್ಟವನ್ನೂ ಬರೆದುಕೊಳ್ಳಿ. ಅತ್ಯಂತ ತಗ್ಗಿನ ಹೊಸ್ತಿಲು ಯಾವುದೋ ಅದಕ್ಕಿಂತ ಹೊಸ ಹಾಸಿನ ಅಂಚು ಕನಿಷ್ಠ 150 ಮಿ.ಮೀ. ಕೆಳಗಿರಬೇಕು. ಹಳೆಯ ಡಾಂಬರಿನ ಮೇಲೆಯೇ ಮರಳು ಸುರಿದು ಬ್ಲಾಕ್ ಹಾಸಿದರೆ ನೆಲ 110 ಮಿ.ಮೀ. ಏರುತ್ತದೆ. ಅಂಗಡಿಗಳಿಗೆ ನೀರು ನುಗ್ಗಲು ಇದೇ ಮೊದಲ ಕಾರಣ. ಹಳೆಯದನ್ನು ಅಗೆದು ತೆಗೆಯಲೇಬೇಕು.

ಬ್ಲಾಕ್ ಹಾಸಿಗೆ 1:50 ವಾಟ ಕೊಡಿ, ಅಂದರೆ ಮೀಟರಿಗೆ 20 ಮಿ.ಮೀ. ನಡುವಿನಿಂದ ಅಂಚಿಗೆ 15 ಮೀಟರ್ ದೂರವಿದ್ದರೆ ನಡು 300 ಮಿ.ಮೀ. ಎತ್ತರವಾಗುತ್ತದೆ. ಹೊಸ್ತಿಲು ಅಷ್ಟು ಏರಿಕೆಗೆ ಅವಕಾಶ ಕೊಡದಿದ್ದರೆ ನಡುವೆ ಒಂದು ಅಡ್ಡ ಚರಂಡಿ ತಂದು ದೂರವನ್ನು ಅರ್ಧ ಮಾಡಿ. ವಾಟವನ್ನು ಮಾತ್ರ 1:70ಕ್ಕಿಂತ ಕಡಿಮೆ ಮಾಡಬೇಡಿ. ಮೇಸ್ತ್ರಿಯ ರಸಮಟ್ಟ ಅಷ್ಟು ಸಣ್ಣ ಇಳಿಜಾರನ್ನು ನಂಬುವಂತೆ ತೋರಿಸುವುದಿಲ್ಲ, ಅಲ್ಲಲ್ಲಿ ಹೊಂಡ ಬೀಳುತ್ತದೆ.

ಗಂಟೆಗೆ 50 ಮಿ.ಮೀ. ಮಳೆ ಬಂದರೆ 900 ಚದರ ಮೀಟರ್ ಮೇಲೆ 45,000 ಲೀಟರ್ ನೀರು ಬೀಳುತ್ತದೆ, ಸೆಕೆಂಡಿಗೆ ಸುಮಾರು 12.5 ಲೀಟರ್. ಮುನ್ನೂರು ಮಿ.ಮೀ. ಅಗಲ, ಅಷ್ಟೇ ಆಳ, 1:200 ವಾಟ ಇರುವ ಚರಂಡಿಗೆ ಇದು ದೊಡ್ಡ ಹೊರೆಯಲ್ಲ. ಆದರೆ ಮೇಲಿನ ಬೀದಿಗಳಿಂದ ಇಳಿದು ಬರುವ ನೀರು ಇದರ ಎಷ್ಟೋ ಪಟ್ಟು ಇರಬಹುದು. ಅದನ್ನು ಚೌಕದೊಳಗೆ ಬಿಡದೆ ಬೀದಿಯ ಬಾಯಲ್ಲೇ ಅಡ್ಡ ಚರಂಡಿ ಹಾಕಿ ಹಿಡಿಯಿರಿ. ಸೋಲುವ ಇನ್ನೊಂದು ಜಾಗ ಚರಂಡಿಯ ಬಾಯಿ. ಹತ್ತು ಮೀಟರಿಗೊಂದು ಬಾಯಿ, ಪ್ರತಿ ಬಾಯಿಯ ಕೆಳಗೆ 300 ಮಿ.ಮೀ. ಆಳದ ಹೂಳುಗುಂಡಿ ಇರಲಿ. ಜಾಲರಿಯ ಸೀಳು 12 ಮಿ.ಮೀ. ಮೀರಬಾರದು, ನಡೆಯುವ ದಿಕ್ಕಿಗೆ ಅಡ್ಡಲಾಗಿರಬೇಕು. ಇಲ್ಲದಿದ್ದರೆ ಊರುಗೋಲು, ಗಾಲಿಕುರ್ಚಿಯ ಮುಂದಿನ ಚಕ್ರ ಸಿಕ್ಕಿಕೊಳ್ಳುತ್ತವೆ.

ಮಳೆನೀರನ್ನು ಒಳಚರಂಡಿಯ ಮ್ಯಾನ್‌ಹೋಲ್‌ಗೆ ಸೇರಿಸಲು ಗುತ್ತಿಗೆದಾರರು ಕೇಳಿದರೆ ಒಪ್ಪಬೇಡಿ. ಮೊದಲ ಜೋರು ಮಳೆಗೆ ಮುಚ್ಚಳ ಎದ್ದು ಕೊಳಚೆ ಚೌಕಕ್ಕೇ ಬರುತ್ತದೆ.

## ಹಂತ 5: ಕಲಾಕೃತಿಯನ್ನು ಈಗಲೇ ತೀರ್ಮಾನಿಸಿ

ಹಾಸು ಮುಗಿದ ಮೇಲೆ ಕಲೆಯ ಬಗ್ಗೆ ಯೋಚಿಸಿದರೆ ಅಡಿಪಾಯಕ್ಕಾಗಿ ಮತ್ತೆ ಅಗೆಯಬೇಕು. ಆದ್ದರಿಂದ ತೂಕ, ಅಳತೆ, ಜಾಗ ಈ ಮೂರೂ ತಳಪದರ ಹಾಕುವ ಮೊದಲೇ ಗೊತ್ತಾಗಿರಬೇಕು.

ಕಲಾಕೃತಿಯನ್ನು ಸಿವಿಲ್ ಟೆಂಡರಿನೊಳಗಿನ ಒಂದು ಐಟಂ ಮಾಡಬೇಡಿ. ಕಡಿಮೆ ದರದ ಪೈಪೋಟಿಯಲ್ಲಿ ಅದು ಅಚ್ಚಿನಿಂದ ತೆಗೆದ ಫೈಬರ್ ಗೊಂಬೆಯಾಗಿ ಬರುತ್ತದೆ, ನಾಲ್ಕೈದು ಬೇಸಿಗೆಯ ಬಿಸಿಲಿಗೆ ಬಣ್ಣ ಮಾಸಿ ಬಿರುಕು ಬಿಡುತ್ತದೆ. ಸರ್ಕಾರಿ ಹಣವಾದರೆ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ ನಿಯಮಗಳಿಗೆ ಒಳಪಟ್ಟೇ ಪ್ರತ್ಯೇಕವಾಗಿ ಪ್ರಸ್ತಾವ ಕರೆಯಿರಿ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳು, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನಲ್ಲಿ ಕಲಿತವರು, ನಿಮ್ಮದೇ ಜಿಲ್ಲೆಯ ಕಂಬಾರರು, ಕುಂಬಾರರಿಗೂ ಕರೆ ತಲುಪಲಿ. 1:10 ಅಳತೆಯ ಮಾದರಿ ತರಿಸಿಕೊಳ್ಳಿ. ಆಮೇಲೆ ಬಿದಿರು, ಬಟ್ಟೆಯಿಂದ ನಿಜ ಅಳತೆಯ ಆಕಾರ ಮಾಡಿಸಿ ಮೂರು ದಿನ ಚೌಕದಲ್ಲಿ ನಿಲ್ಲಿಸಿ, ಸಂತೆಯ ದಿನವೂ ಸೇರಿ. ವಾಹನ ಚಾಲಕನ ಕಣ್ಣಿನ ಎತ್ತರ ಸುಮಾರು 1.2 ಮೀಟರ್. ತಿರುವಿನಲ್ಲಿ ಆ ಎತ್ತರದ ನೋಟಕ್ಕೆ ಅಡ್ಡ ಬಂದರೆ ಜಾಗ ಬದಲಿಸಿ.

ನೆಲದ ಚಿತ್ತಾರ ನಮ್ಮ ಚೌಕಗಳಿಗೆ ಅತ್ಯಂತ ಒಗ್ಗುವ ಕಲೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ತೇರಿಗೂ ಸಂತೆಗೂ ಅದು ಅಡ್ಡಿಯಲ್ಲ. ಚುಕ್ಕಿ ರಂಗೋಲಿಯ ಎಳೆಯನ್ನು ಚಾಮರಾಜನಗರದ ಕಪ್ಪು ಗ್ರಾನೈಟ್, ಇಳಕಲ್ಲಿನ ಕೆಂಪು ಗ್ರಾನೈಟ್, ಸಾದರಹಳ್ಳಿಯ ಬೂದು ಕಲ್ಲಿನಲ್ಲಿ ಕೂರಿಸಬಹುದು. ಮೂರೂ ಗಟ್ಟಿ ಕಲ್ಲುಗಳೇ ಆದ್ದರಿಂದ ಸವೆತದಲ್ಲಿ ದೊಡ್ಡ ವ್ಯತ್ಯಾಸ ಬರುವುದಿಲ್ಲ. ಇದೇ ಚಿತ್ತಾರದಲ್ಲಿ ಒಂದು ಕಡೆ ಗ್ರಾನೈಟ್, ಒಂದು ಕಡೆ ಶಹಾಬಾದ್ ಕಲ್ಲು ಹಾಕಿದರೆ ಮೆದುವಾದ ಶಹಾಬಾದ್ ಬೇಗ ಸವೆದು ತಗ್ಗಾಗುತ್ತದೆ. ಆದರೆ ನೆಲದ ಮೇಲೆ ದೇವರ ಗುರುತು, ಮಹನೀಯರ ಮುಖ, ಅಕ್ಷರ ಯಾವುದೂ ಬೇಡ. ಅಕ್ಷರ ತುಳಿಯಲು ನಮ್ಮ ಜನ ಹಿಂಜರಿಯುತ್ತಾರೆ. ಕವಿಯ ಸಾಲನ್ನು ನೆಲದಲ್ಲಿ ಕೊರೆಸಿದರೆ ಅದು ಗೌರವವಾಗುವುದಿಲ್ಲ, ಅವಮಾನವೆಂಬ ದೂರಾಗುತ್ತದೆ. ಸಾಲುಗಳಿಗೆ ಗೋಡೆಯೋ ಆಸನದ ಬೆನ್ನೋ ಸರಿಯಾದ ಜಾಗ.

ಎದ್ದು ನಿಲ್ಲುವ ಶಿಲ್ಪಕ್ಕೆ ಅಡಿಪಾಯದ ಲೆಕ್ಕವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಹಾಕಲಿ. ಗಾಳಿಯ ಒತ್ತಡಕ್ಕೆ ಭಾರತೀಯ ಮಾನದಂಡ ಐಎಸ್ 875ರ ಮೂರನೇ ಭಾಗ ಆಧಾರ. ಗ್ರಾನೈಟ್ ಘನ ಮೀಟರಿಗೆ ಸುಮಾರು 2.7 ಟನ್ ತೂಗುತ್ತದೆ, ಹಾಗಾಗಿ 1.8 ಮೀಟರ್ ಎತ್ತರ, 0.6 ಮೀಟರ್ ಚೌಕದ ಒಂದು ಕಲ್ಲೇ 1.75 ಟನ್. ಎರೆಮಣ್ಣಿನ ನೆಲದಲ್ಲಿ ಮೇಲುಮೇಲಿನ ಅಡಿಪಾಯ ಬೇಸಿಗೆಗೊಮ್ಮೆ, ಮಳೆಗಾಲಕ್ಕೊಮ್ಮೆ ಓಲಾಡುತ್ತದೆ. ಅಲ್ಲಿ ಸಾಮಾನ್ಯವಾಗಿ 3.5 ಮೀಟರ್ ಆಳದ ಅಂಡರ್‌ರೀಮ್ಡ್ ಪೈಲ್ (ಬುಡದ ಬಳಿ ಉಬ್ಬಿದ ಕಾಂಕ್ರೀಟ್ ಕಂಬ) ಬೇಕಾಗುತ್ತದೆ. ಅಡಿಪಾಯದ ತಲೆ ಹಾಸಿನ ಮಟ್ಟಕ್ಕಿಂತ ಕೆಳಗಿರಲಿ, ಸುತ್ತ 20 ಮಿ.ಮೀ. ಮೆತ್ತನೆಯ ಸಂದು ಬಿಡಿ. ಕರಾವಳಿಯಲ್ಲಿ 304 ದರ್ಜೆಯ ಸ್ಟೀಲ್ ಉಪ್ಪುಗಾಳಿಗೆ ಕಂದು ಕಲೆ ಹಿಡಿಯುತ್ತದೆ, 316 ದರ್ಜೆಯದನ್ನೇ ಕೇಳಿ. ಮಕ್ಕಳು ಹತ್ತೇ ಹತ್ತುತ್ತಾರೆ. ತಲೆ ಸಿಕ್ಕಿಕೊಳ್ಳುವ 90ರಿಂದ 230 ಮಿ.ಮೀ. ಅಂತರದ ಸಂದುಗಳು ವಿನ್ಯಾಸದಲ್ಲಿ ಇರಬಾರದು.

ಕಾರಂಜಿ ಬೇಕೆಂಬ ಒತ್ತಡ ಬಂದೇ ಬರುತ್ತದೆ. ಪಂಪಿನ ವಿದ್ಯುತ್ ಬಿಲ್, ನೀರು ಬದಲಾವಣೆ ಮತ್ತು ಶುಚಿಗೆ ಐದು ವರ್ಷದ ನಿರ್ವಹಣಾ ಗುತ್ತಿಗೆ ಸಹಿಯಾಗದಿದ್ದರೆ ಬೇಡವೆನ್ನಿ. ನಿಂತ ಕಾರಂಜಿ ಸೊಳ್ಳೆಯ ತೊಟ್ಟಿಯಾಗುತ್ತದೆ.

ಕಲಾವಿದರೊಡನೆ ಮಾಡುವ ಒಪ್ಪಂದದಲ್ಲಿ ಸ್ಥಳಾಂತರ, ದುರಸ್ತಿ, ಬಣ್ಣ ಬದಲಾವಣೆಯ ಷರತ್ತು ಇರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಕೃತಿಯನ್ನು ವಿರೂಪಗೊಳಿಸದಂತೆ ತಡೆಯುವ ಹಕ್ಕನ್ನು ಕಲಾವಿದರಿಗೆ ಕೊಡುತ್ತದೆ. ದೆಹಲಿಯ ವಿಜ್ಞಾನ ಭವನದಿಂದ ಕಿತ್ತ ಅಮರನಾಥ ಸೆಹಗಲ್ ಅವರ ಭಿತ್ತಿಶಿಲ್ಪದ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2005ರಲ್ಲಿ ಕೃತಿಯ ಉಳಿದ ಭಾಗಗಳನ್ನು ಹಿಂದಿರುಗಿಸಲು ಮತ್ತು 5 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು.

## ಹಂತ 6: ತಳಪದರ

ವಾಹನ ಮತ್ತು ತೇರು ಹಾಯುವ ಚೌಕಕ್ಕೆ ಕೆಳಗಿನಿಂದ ಮೇಲಕ್ಕೆ: ದಮ್ಮಸ್ ಮಾಡಿದ ಮೂಲ ಮಣ್ಣು, 200 ಮಿ.ಮೀ. ಗರಸು-ಜಲ್ಲಿ ಮಿಶ್ರಣ, 200 ಮಿ.ಮೀ. ವೆಟ್ ಮಿಕ್ಸ್ (ನೀರು ಬೆರೆಸಿ ಹದ ಮಾಡಿದ ಜಲ್ಲಿ ಮಿಶ್ರಣ), 30 ಮಿ.ಮೀ. ಮರಳು, 80 ಮಿ.ಮೀ. ಬ್ಲಾಕ್. ಒಟ್ಟು 510 ಮಿ.ಮೀ. ಅಗೆತ. ಎರೆಮಣ್ಣಾದರೆ ಇದರ ಕೆಳಗೆ 600 ಮಿ.ಮೀ.ನಿಂದ 1 ಮೀಟರ್ ದಪ್ಪ ಊದಿಕೊಳ್ಳದ ಗರಸು ಬೇಕು, ಇಲ್ಲವೇ ಸುಣ್ಣ ಬೆರೆಸಿ ಮಣ್ಣನ್ನು ಹದಗೊಳಿಸಬೇಕು.

ಒಂದು ಪದರ ದಮ್ಮಸ್ ಆದ ಮೇಲೆ 200 ಮಿ.ಮೀ. ಮೀರದಿರಲಿ. 8–10 ಟನ್ನಿನ ಕಂಪನ ರೋಲರ್ ಬಳಸಿ. ಪೈಪಿನ ಕಾಲುವೆ, ಮ್ಯಾನ್‌ಹೋಲ್ ಸುತ್ತ ರೋಲರ್ ಹೋಗುವುದಿಲ್ಲ, ಅಲ್ಲಿ ಕೈದಮ್ಮಸ್ ಯಂತ್ರದಿಂದ 100 ಮಿ.ಮೀ. ಪದರಗಳಲ್ಲಿ ತುಂಬಿ. ಹಾಸಿದ ಮೊದಲ ವರ್ಷದಲ್ಲಿ ಕುಸಿಯುವುದು ಹೆಚ್ಚಾಗಿ ಈ ಕಾಲುವೆಗಳ ಮೇಲೆಯೇ. ಎಚ್ಚರಿಕೆಯ ಗುರುತು: ಜಲ್ಲಿ ತುಂಬಿದ ಲಾರಿ ನಿಧಾನವಾಗಿ ಹಾಯುವಾಗ ಚಕ್ರದ ಮುಂದೆ ನೆಲ ಅಲೆಯಂತೆ ಎದ್ದರೆ ಆ ಜಾಗ ಒಳಗೆ ಹಸಿಯಾಗಿದೆ. ಅಗೆದು ತೆಗೆಯದೆ ಮುಂದೆ ಹೋಗಬೇಡಿ.

ವೆಟ್ ಮಿಕ್ಸ್‌ನ ಮೇಲ್ಮೈಗೂ ಮೇಲಿನ ಹಾಸಿನದೇ ವಾಟ ಇರಬೇಕು, ಏರಿಳಿತ 10 ಮಿ.ಮೀ. ಮೀರಬಾರದು. ತಗ್ಗನ್ನು ಮರಳಿನಿಂದ ಸರಿಮಾಡುವ ಚಾಳಿ ಎಲ್ಲ ಕಡೆ ಇದೆ. ಮರಳು ದಪ್ಪವಾದ ಜಾಗದಲ್ಲಿ ಬ್ಲಾಕ್ ಹೆಚ್ಚು ಇಳಿದು, ತಗ್ಗು ಮತ್ತೆ ಮೇಲೆ ಕಾಣಿಸಿಕೊಳ್ಳುತ್ತದೆ.

ಭಾರದ ಶಿಲ್ಪಗಳನ್ನು ಈ ಹಂತದಲ್ಲೇ ಕ್ರೇನ್ ತಂದು ನಿಲ್ಲಿಸಿ, 20–25 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್ ಸರಳುಗಳಿಂದ ಅಡಿಪಾಯಕ್ಕೆ ಬಿಗಿದು, ಗೋಣಿಚೀಲ ಮತ್ತು ಹಲಗೆ ಸುತ್ತಿಬಿಡಿ. ಹಾಸು ಮುಗಿದ ಮೇಲೆ ಕ್ರೇನ್ ತಂದರೆ ಅದರ ಚಾಚುಗಾಲುಗಳು ಹೊಸ ಬ್ಲಾಕುಗಳನ್ನು ಒಡೆದೇ ಒಡೆಯುತ್ತವೆ.

## ಹಂತ 7: ಅಂಚು ಕಟ್ಟುವುದು

ಬ್ಲಾಕುಗಳು ಒಂದನ್ನೊಂದು ಒತ್ತಿ ಹಿಡಿದು ನಿಲ್ಲುತ್ತವೆ. ಅಂಚು ಸರಿದರೆ ಎಲ್ಲ ಸಡಿಲ. ಆದ್ದರಿಂದ ಹಾಸಿಗೆ ಮೊದಲೇ ಕರ್ಬ್ ಕಲ್ಲು, ಚರಂಡಿಯ ಗೋಡೆ, ಮ್ಯಾನ್‌ಹೋಲ್ ಚೌಕಟ್ಟು, ಮರದ ಪಾತಿಯ ಅಂಚು ಎಲ್ಲವನ್ನೂ ಕಾಂಕ್ರೀಟಿನಲ್ಲಿ ಕೂರಿಸಿ, ಏಳು ದಿನ ಕ್ಯೂರಿಂಗ್ ಮಾಡಿ. ಬರೀ ಗಾರೆಯ ದಿಂಡು ಸಾಲದು. ಪಾದಚಾರಿ ಭಾಗದ ಕರ್ಬ್ 150 ಮಿ.ಮೀ. ಮೀರದಿರಲಿ, ದಾಟುವ ಕಡೆಯಲ್ಲೆಲ್ಲ 1:12ರ ಇಳಿಜಾರು ಕೊಡಿ. ಅರಳಿಕಟ್ಟೆ, ಬೇವು, ಹೊಂಗೆಯ ಬುಡದ ಸುತ್ತ ಕನಿಷ್ಠ ಒಂದು ಮೀಟರ್ ಮಣ್ಣು ತೆರೆದಿರಲಿ.

## ಹಂತ 8: ಹಾಸುವುದು

ಬ್ಲಾಕಿಗೆ ಐಎಸ್ 15658 ಮಾನದಂಡ. ಬರೀ ನಡೆಯುವ ಜಾಗಕ್ಕೆ 50 ಮಿ.ಮೀ. ದಪ್ಪ, ಎಂ-30 ಬಲ (ಎಂ ಎಂಬುದು ಕಾಂಕ್ರೀಟಿನ ಬಲದ ದರ್ಜೆ). ಹಗುರ ವಾಹನಕ್ಕೆ 60 ಮಿ.ಮೀ., ಎಂ-35; ನಮ್ಮ ಚೌಕದಂಥ ಮಧ್ಯಮ ಸಂಚಾರಕ್ಕೆ 80 ಮಿ.ಮೀ., ಎಂ-40. ನೀರು ಹೀರುವಿಕೆ ಸರಾಸರಿ ಶೇ. 6 ಮೀರಬಾರದು. ಲೋಡ್ ಬಂದ ದಿನ ಎರಡು ಬ್ಲಾಕನ್ನು ಒಡೆದು ನೋಡಿ. ಮೇಲ್ಪದರದ ಬಣ್ಣ ಒಂದೆರಡು ಮಿ.ಮೀ. ಮಾತ್ರ ಇದ್ದರೆ, ಅಂಚು ಕೈಯಲ್ಲಿ ಉದುರಿದರೆ ವಾಪಸ್ ಕಳಿಸಿ.

ಬೇಕಾಗುವ ಸಲಕರಣೆ: ಪ್ಲೇಟ್ ಕಂಪ್ಯಾಕ್ಟರ್ ಮತ್ತು ಅದಕ್ಕೆ ರಬ್ಬರ್ ತಳ, ಬ್ಲಾಕ್ ಕತ್ತರಿಸುವ ಯಂತ್ರ, 30 ಮಿ.ಮೀ. ವ್ಯಾಸದ ಎರಡು ಕಬ್ಬಿಣದ ಪೈಪು, 3 ಮೀಟರ್ ಅಲ್ಯೂಮಿನಿಯಂ ಪಟ್ಟಿ, ದಾರ, ರಬ್ಬರ್ ಸುತ್ತಿಗೆ, 4.75 ಮತ್ತು 2.36 ಮಿ.ಮೀ. ಜರಡಿ. ಸಾಮಗ್ರಿ: 200 × 100 ಮಿ.ಮೀ. ಬ್ಲಾಕ್ ಚದರ ಮೀಟರಿಗೆ 48–50, ಕತ್ತರಿಕೆಗೆ ಶೇ. 3–5 ಸೇರಿಸಿದರೆ ಸುಮಾರು 46 ಸಾವಿರ. ಹಾಸು ಮರಳು 27 ಘನ ಮೀಟರ್ ಎಂದು ಲೆಕ್ಕ ಬಂದರೂ ಅದು ದಮ್ಮಸ್ ಆದ ಅಳತೆ, 34 ತರಿಸಿ. ಸಂದಿಗೆ ಸುಮಾರು 3.5 ಘನ ಮೀಟರ್ ನುಣ್ಣನೆ ಒಣ ಮರಳು.

ಕ್ರಷರ್ ಡಸ್ಟ್ ಅಗ್ಗವೆಂದು ಮರಳಿನ ಬದಲು ಹಾಕುತ್ತಾರೆ. ಅದರ ಹಿಟ್ಟಿನಂಥ ಪುಡಿ ನೀರು ಹಿಡಿದು ಕೆಸರಾಗಿ, ಗಾಡಿ ಹಾಯ್ದಾಗ ಸಂದಿನಿಂದ ಪಿಚಕಾರಿಯಂತೆ ಹೊರಗೆ ಚಿಮ್ಮುತ್ತದೆ. ತೊಳೆದ ಎಂ-ಸ್ಯಾಂಡ್ ಆಗಬಹುದು.

ಎರಡು ಪೈಪುಗಳನ್ನು ಹಳಿಯಂತೆ ಇಟ್ಟು, ನಡುವೆ ಮರಳು ಸುರಿದು ಪಟ್ಟಿಯಿಂದ ಎಳೆಯಿರಿ. ಪೈಪು ತೆಗೆದ ಗುರುತನ್ನು ಮರಳಿನಿಂದ ಮುಚ್ಚಿ. ಎಳೆದ ಮರಳನ್ನು ಯಾರೂ ತುಳಿಯಬಾರದು, ಆ ದಿನ ಹಾಸುವಷ್ಟನ್ನೇ ಎಳೆಯಿರಿ. ಚರಂಡಿ, ಮ್ಯಾನ್‌ಹೋಲ್ ಅಂಚಿನಲ್ಲಿ ಮರಳಿನ ಕೆಳಗೆ 300 ಮಿ.ಮೀ. ಅಗಲದ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಕಿದರೆ ಮರಳು ಬಿರುಕಿನಿಂದ ಸೋರಿಹೋಗುವುದಿಲ್ಲ. ಹೆಣೆಯುವ ಮಾದರಿ ಹೆರಿಂಗ್‌ಬೋನ್ (ಬ್ಲಾಕುಗಳನ್ನು ಒಂದಕ್ಕೊಂದು ಅಡ್ಡಡ್ಡವಾಗಿ ಕೂರಿಸುವ ಅಂಕುಡೊಂಕು ಜೋಡಣೆ) ಇರಲಿ. ಸಾಲುಸಾಲಾಗಿ ಜೋಡಿಸಿದ ಬ್ಲಾಕುಗಳು ಗಾಡಿ ಬ್ರೇಕ್ ಹಾಕುವ ಕಡೆ ತೆವಳುತ್ತವೆ. ಸಂದು 2–4 ಮಿ.ಮೀ. ಅರ್ಧ ಬ್ಲಾಕಿಗಿಂತ ಸಣ್ಣ ತುಂಡನ್ನು ಅಂಚಿನಲ್ಲಿ ಇಡಬೇಡಿ, ಹಿಂದಿನ ಬ್ಲಾಕನ್ನೂ ಕತ್ತರಿಸಿ ಹಂಚಿಕೊಳ್ಳಿ. ಅಂಚಿನ ಸಂದನ್ನು ಸಿಮೆಂಟ್ ಗಾರೆಯಿಂದ ತುಂಬಿದ್ದು ಆರು ತಿಂಗಳಲ್ಲಿ ಒಡೆದು ಬರುತ್ತದೆ. ಮ್ಯಾನ್‌ಹೋಲ್ ಪಕ್ಕದ ಬ್ಲಾಕು ಚೌಕಟ್ಟಿಗಿಂತ 5–6 ಮಿ.ಮೀ. ಮೇಲಿರಲಿ, ಕಂಪ್ಯಾಕ್ಟರ್ ಓಡಿಸಿದಾಗ ಸಮವಾಗುತ್ತದೆ.

ಮೊದಲ ಸುತ್ತಿನ ಕಂಪ್ಯಾಕ್ಟರ್ ಸಂದಿಗೆ ಮರಳು ಹಾಕುವ ಮುಂಚೆ. ಅಂಚು ಕಟ್ಟದ ತುದಿಯಿಂದ ಒಂದು ಮೀಟರ್ ದೂರ ನಿಲ್ಲಿಸಿ. ಒಡೆದ ಬ್ಲಾಕ್ ಬದಲಿಸಿ, ಒಣ ಮರಳು ಚೆಲ್ಲಿ ಗುಡಿಸಿ, ಮತ್ತೆ ಓಡಿಸಿ. ಸಂದು ತುಂಬುವವರೆಗೆ ಎರಡು-ಮೂರು ಸುತ್ತು ಬೇಕು. ಹಸಿ ಮರಳು ಸಂದಿನ ಬಾಯಲ್ಲೇ ಕಟ್ಟಿ ನಿಲ್ಲುತ್ತದೆ.

ಕಲ್ಲಿನ ಚಿತ್ತಾರದ ಭಾಗಕ್ಕೆ ಬೇರೆ ವಿಧಾನ. ಗಾಡಿ ಹಾಯುವ ಕಡೆ 150 ಮಿ.ಮೀ. ಕಾಂಕ್ರೀಟ್, ಮೇಲೆ 1:4 ಗಾರೆಯ ಪೂರ್ತಿ ಹಾಸು, ಅದರ ಮೇಲೆ 75 ಮಿ.ಮೀ. ಕಲ್ಲು. ಈ ದಪ್ಪಕ್ಕೆ ತಕ್ಕಂತೆ ಅಲ್ಲಿನ ತಳಪದರವನ್ನು ಮೊದಲೇ ತಗ್ಗಿಸಿಕೊಂಡಿರಬೇಕು. ನಾಲ್ಕು ಮೂಲೆಗೆ, ನಡುವೆ ಐದು ಉಂಡೆ ಗಾರೆ ಇಟ್ಟು ಕಲ್ಲು ಕೂರಿಸುವುದನ್ನು ಕಂಡರೆ ತಕ್ಷಣ ನಿಲ್ಲಿಸಿ. ಒಣಗಿದ ಮೇಲೆ ಕಟ್ಟಿಗೆಯಿಂದ ತಟ್ಟಿದಾಗ ಪೊಳ್ಳು ಸದ್ದು ಬಂದ ಕಲ್ಲುಗಳೆಲ್ಲ ಒಡೆಯುತ್ತವೆ. ಕಾಂಕ್ರೀಟಿನ ಸಂದು 4–5 ಮೀಟರಿಗೊಂದು, ಅದೇ ಗೆರೆಯಲ್ಲಿ ಕಲ್ಲಿನ ಸಂದೂ ಬರಬೇಕು. ಮೇಲ್ಮೈ ಫ್ಲೇಮ್ ಮಾಡಿದ್ದು (ಬೆಂಕಿ ಹಾಯಿಸಿ ಒರಟಾಗಿಸಿದ್ದು) ಅಥವಾ ಉಳಿಯಿಂದ ಚುಚ್ಚಿದ್ದು ಇರಲಿ, ಪಾಲಿಶ್ ಮಾಡಿದ ಗ್ರಾನೈಟ್ ಮಳೆಯಲ್ಲಿ ಜಾರುತ್ತದೆ. ಸಿಮೆಂಟ್ ಕಲೆ ತೆಗೆಯಲು ಆಸಿಡ್ ಬೇಡ. ಶಹಾಬಾದ್, ಕಡಪ ಸುಣ್ಣದ ಕಲ್ಲುಗಳು ಆಸಿಡ್‌ಗೆ ಕೊರೆದುಹೋಗುತ್ತವೆ.

ದೃಷ್ಟಿ ಇಲ್ಲದವರಿಗಾಗಿ 300 × 300 ಮಿ.ಮೀ. ಸ್ಪರ್ಶ ಟೈಲ್ಸ್: ಗೆರೆಯದ್ದು ದಾರಿ ತೋರಿಸಲು, ಚುಕ್ಕಿಯದ್ದು ನಿಲ್ಲಲು. ಈ ದಾರಿ ಕಂಬಕ್ಕೋ ಮರಕ್ಕೋ ಹೋಗಿ ಮುಟ್ಟುವುದನ್ನು ಎಷ್ಟೋ ಕಡೆ ನೋಡುತ್ತೇವೆ. ಹಾಸಿದ ಮೇಲೆ ಕೋಲು ಹಿಡಿದು ನಡೆಯುವವರನ್ನೇ ಕರೆದು ಪರೀಕ್ಷಿಸಿ.

## ಹಂತ 9: ದೀಪ, ಗೋಡೆಚಿತ್ರ

ನೆಲದಲ್ಲಿ ಹೂಳುವ ದೀಪ ನೀರು, ಧೂಳು ಒಳಗೆ ಹೋಗದ ಐಪಿ 67 ದರ್ಜೆಯದು, 24 ವೋಲ್ಟಿನದು ಇರಲಿ. ಮೂಲ ಸಂಪರ್ಕಕ್ಕೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಸಂಪರ್ಕ ಕಡಿಯುವ ಸ್ವಿಚ್) ಕಡ್ಡಾಯ. ಗೋಡೆಚಿತ್ರಕ್ಕೆ ಹೊಸ ಗಾರೆಯಾದರೆ 28 ದಿನ ಒಣಗಲು ಬಿಡಿ. ಗೋಡೆಯ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಟೇಪಿನಿಂದ ಅಂಟಿಸಿ ಒಂದು ದಿನ ಬಿಟ್ಟಾಗ ಒಳಗೆ ಹನಿ ಕಟ್ಟಿದರೆ ಇನ್ನೂ ಹಸಿ ಇದೆ, ಬಣ್ಣ ಗುಳ್ಳೆ ಬಂದು ಉದುರುತ್ತದೆ.

## ಹಂತ 10: ಬಿಲ್ ಪಾಸು ಮಾಡುವ ಮುನ್ನ

5,000 ಲೀಟರ್ ಟ್ಯಾಂಕರ್ ತಂದು ಎತ್ತರದ ಜಾಗದಿಂದ ನೀರು ಬಿಡಿ. ಹತ್ತು ನಿಮಿಷ ಕಳೆದರೂ ನೀರು ನಿಂತ ಕಡೆಯಲ್ಲೆಲ್ಲ ಸುಣ್ಣದಿಂದ ಸುತ್ತು ಹಾಕಿ ಸರಿಮಾಡಿಸಿ. 3 ಮೀಟರ್ ಪಟ್ಟಿ ಇಟ್ಟಾಗ ಕೆಳಗೆ 10 ಮಿ.ಮೀ. ಮೀರಿದ ಸಂದು ಕಂಡರೂ ಅಷ್ಟೇ.

ಮೂರು ತಿಂಗಳ ನಂತರ ಮತ್ತು ಮೊದಲ ಮಳೆಗಾಲದ ನಂತರ ಸಂದಿಗೆ ಮತ್ತೆ ಮರಳು ತುಂಬಿಸುವುದನ್ನು ಗುತ್ತಿಗೆಯಲ್ಲೇ ಬರೆಯಿರಿ. ಹೂಳುಗುಂಡಿಗಳ ಶುಚಿ ಮೇ ಮೊದಲ ವಾರದಲ್ಲಿ ಒಮ್ಮೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ. ಅದೇ ಬ್ಯಾಚಿನ ಬ್ಲಾಕುಗಳನ್ನು ಶೇ. 2ರಷ್ಟು, ಚಿತ್ತಾರದ ಪ್ರತಿ ಬಣ್ಣದ ಕಲ್ಲನ್ನು ಹತ್ತು ಹತ್ತು ಪುರಸಭೆಯ ಉಗ್ರಾಣದಲ್ಲಿ ಎಣಿಸಿಡಿ. ಮುಂದೆ ಯಾವ ಇಲಾಖೆ ಅಗೆದರೂ ಬ್ಲಾಕನ್ನು ಕಿತ್ತು ಪೇರಿಸಿಟ್ಟು, ತಳಪದರವನ್ನು 100 ಮಿ.ಮೀ. ಪದರಗಳಲ್ಲಿ ದಮ್ಮಸ್ ಮಾಡಿ, ಕಾಲುವೆಯ ಎರಡೂ ಬದಿ ಅರ್ಧ ಮೀಟರ್ ಹೆಚ್ಚುವರಿಯಾಗಿ ಎತ್ತಿ ಮರುಹಾಸಬೇಕು ಎಂಬ ಷರತ್ತು ಮತ್ತು ಅದಕ್ಕೆ ಠೇವಣಿ, ಅಗೆಯುವ ಅನುಮತಿ ಪತ್ರದಲ್ಲೇ ಇರಲಿ.